ಸ್ಟೀರಿಂಗ್ ಕೇಬಲ್ ರೀಲ್

ಸ್ಟೀರಿಂಗ್ ಕೇಬಲ್ ರೀಲ್ ಎಂದರೆ ಮೋಟಾರು ವಾಹನದ ತಿರುಗುವ ಸ್ಟೀರಿಂಗ್ ಚಕ್ರಕ್ಕೂ ತಿರುಗದೆ ನಿಂತ ಸ್ಟೀರಿಂಗ್ ಕಂಬಕ್ಕೂ ನಡುವೆ ಎಡೆಬಿಡದ ವಿದ್ಯುತ್ ಸಂಪರ್ಕವನ್ನು ಕಾಯ್ದುಕೊಳ್ಳುವ, ಒಳಗೆ ಪಟ್ಟಿ ಕೇಬಲ್ ಸುತ್ತಿಟ್ಟ ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಚಾಲಕನ ಏರ್‌ಬ್ಯಾಗ್, ಹಾರ್ನ್, ಚಕ್ರದ ಮೇಲಿನ ಆಡಿಯೊ ಮತ್ತು ಫೋನ್ ಗುಂಡಿಗಳು ಇದರ ಮೂಲಕವೇ ವಾಹನದ ಉಳಿದ ವೈರಿಂಗ್‌ಗೆ ಸೇರುತ್ತವೆ. ಚಕ್ರದ ಹಿಂಬದಿಯಲ್ಲಿ, ಇಂಡಿಕೇಟರ್ ಮತ್ತು ವೈಪರ್ ಸ್ವಿಚ್ಚುಗಳ ಮೇಲೆ ಇದು ಕೂತಿರುತ್ತದೆ. ಚಕ್ರವನ್ನು ಕಳಚದ ಹೊರತು ಕಣ್ಣಿಗೆ ಬೀಳುವುದಿಲ್ಲ.

ಹೆಸರುಗಳು

ಒಂದೇ ವಸ್ತುವಿಗೆ ಹಲವು ಹೆಸರುಗಳಿವೆ. ಹೊಂಡಾ ಇದನ್ನು ಕೇಬಲ್ ರೀಲ್ ಎನ್ನುತ್ತದೆ. ಟೊಯೊಟಾ ಮತ್ತು ನಿಸಾನ್ ಕೈಪಿಡಿಗಳಲ್ಲಿ ಸ್ಪೈರಲ್ ಕೇಬಲ್, ಸುಬಾರು ಕೈಪಿಡಿಗಳಲ್ಲಿ ರೋಲ್ ಕನೆಕ್ಟರ್ ಎಂದಿದೆ. ಕರ್ನಾಟಕದ ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಹೆಸರು ಕ್ಲಾಕ್ ಸ್ಪ್ರಿಂಗ್. ಕೀಲಿ ಕೊಡುವ ಗಡಿಯಾರದ ಒಳಗಿನ ಉಕ್ಕಿನ ಪಟ್ಟಿಯ ಹಾಗೆ ಕೇಬಲ್ ಸುತ್ತಿಕೊಂಡಿರುವುದರಿಂದ ಆ ಹೆಸರು ಬಂದಿದೆ. ಹೋಲಿಕೆ ಆಕಾರಕ್ಕಷ್ಟೇ ಸಲ್ಲುತ್ತದೆ. ಗಡಿಯಾರದ ಪಟ್ಟಿ ಶಕ್ತಿಯನ್ನು ಕೂಡಿಟ್ಟುಕೊಂಡು ಮುಳ್ಳುಗಳನ್ನು ಓಡಿಸುತ್ತದೆ, ಇಲ್ಲಿನ ಪಟ್ಟಿಗೆ ಅಂಥ ಕೆಲಸವೇ ಇಲ್ಲ.

ಈ ಲೇಖನದಲ್ಲಿ ಕಂಬಕ್ಕೆ ಬಿಗಿದ ಭಾಗವನ್ನು ಸ್ಥಿರ ಕವಚ, ಚಕ್ರದೊಡನೆ ತಿರುಗುವ ಭಾಗವನ್ನು ತಿರುಗು ಕವಚ, ಇವೆರಡರ ನಡುವಿನ ಉಂಗುರಾಕಾರದ ಜಾಗವನ್ನು ಕೇಬಲ್ ಕೋಣೆ, ಒಳಗಿನ ತೆಳು ಪಟ್ಟಿಯನ್ನು ಪಟ್ಟಿ ಕೇಬಲ್, ಅದರೊಳಗಿನ ಲೋಹದ ಗೆರೆಗಳನ್ನು ತಾಮ್ರದ ಎಳೆ ಎಂದು ಕರೆಯಲಾಗಿದೆ.

ಮೂಲ

ಏರ್‌ಬ್ಯಾಗ್ ಬರುವ ಮುಂಚೆ ಸ್ಟೀರಿಂಗ್ ಚಕ್ರದಲ್ಲಿ ವಿದ್ಯುತ್ತಿನ ಕೆಲಸ ಒಂದೇ, ಹಾರ್ನ್. ಅದಕ್ಕೆ ಚಕ್ರದ ಹಿಂದೆ ಲೋಹದ ಒಂದು ಬಳೆ, ಅದರ ಮೇಲೆ ಸ್ಪ್ರಿಂಗಿನಿಂದ ಒತ್ತಿ ಜಾರುವ ಒಂದು ಮೊಳೆ ಸಾಕಾಗುತ್ತಿತ್ತು. ಈ ಜಾರುಬಳೆಯ ಸಂಪರ್ಕ ಕ್ಷಣಕಾಲ ತಪ್ಪಿದರೆ ಹಾರ್ನ್ ಒಮ್ಮೆ ತೊದಲುತ್ತದೆ, ಅಷ್ಟೇ.

ಏರ್‌ಬ್ಯಾಗ್ ಈ ಲೆಕ್ಕವನ್ನು ಬದಲಾಯಿಸಿತು. ಅಮೆರಿಕದ ಜಾನ್ ಹೆಟ್ರಿಕ್ 1953ರಲ್ಲಿ ವಾಹನದ ಗಾಳಿಚೀಲಕ್ಕೆ ಪೇಟೆಂಟ್ ಪಡೆದರು. 1970ರ ದಶಕದಲ್ಲಿ ಜನರಲ್ ಮೋಟಾರ್ಸ್ ಕೆಲವು ಕಾರುಗಳಲ್ಲಿ ಅದನ್ನು ಮಾರಿತು. 1980ರ ದಶಕದ ಆರಂಭದಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಎಸ್ ಕ್ಲಾಸ್ ಕಾರಿನಲ್ಲಿ ಚಾಲಕನ ಏರ್‌ಬ್ಯಾಗ್ ಕೊಟ್ಟ ಮೇಲೆ ಅದು ನೆಲೆಯೂರಿತು. ಡಿಕ್ಕಿಯಾದಾಗ ಚೀಲ ಉಬ್ಬಲು ಸಿಗುವ ಹೊತ್ತು ಸೆಕೆಂಡಿನ ನೂರರಲ್ಲಿ ಸುಮಾರು ಮೂರು ಭಾಗ. ಅದನ್ನು ಹೊತ್ತಿಸುವ ಕಿಡಿಗುಂಡಿಗೆ ಒಂದು ಆಂಪಿಯರಿಗಿಂತ ತುಸು ಹೆಚ್ಚಿನ ಕರೆಂಟ್ ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಷ್ಟು ಹೊತ್ತು ತಪ್ಪದೆ ಹರಿಯಬೇಕು. ಡಿಕ್ಕಿಯ ಅದುರಾಟದಲ್ಲಿ ಜಾರುಬಳೆಯ ಮೊಳೆ ಪುಟಿದು ಮೇಲೆದ್ದ ಗಳಿಗೆಯೇ ಆ ಗಳಿಗೆಯಾದರೆ ಚೀಲ ತೆರೆಯುವುದಿಲ್ಲ. ಇನ್ನೊಂದು ತೊಡಕೂ ಇದೆ. ಏರ್‌ಬ್ಯಾಗ್ ನಿಯಂತ್ರಕವು ಗಾಡಿ ಓಡುವಷ್ಟು ಹೊತ್ತೂ ಕಿಡಿಗುಂಡಿಯ ಮಾರ್ಗದಲ್ಲಿ ಸಣ್ಣ ಕರೆಂಟ್ ಹರಿಸಿ ಪ್ರತಿರೋಧವನ್ನು ಅಳೆಯುತ್ತಿರುತ್ತದೆ. ಕಿಲುಬು ಹಿಡಿದ ಬಳೆಯ ಮೇಲೆ ಆ ಅಳತೆ ಏರಿಳಿದರೆ ಎಚ್ಚರಿಕೆ ದೀಪ ಸುಮ್ಮನೆ ಹೊತ್ತುತ್ತದೆ. ಹಾಗಾಗಿ ತುದಿಯಿಂದ ತುದಿಗೆ ಕತ್ತರಿಸದ ತಾಮ್ರವೇ ಬೇಕೆಂದಾಯಿತು. ತಿರುಗುವ ವಸ್ತುವಿಗೆ ಕತ್ತರಿಸದ ತಂತಿ ಕಟ್ಟಬೇಕಾದರೆ ತಂತಿಯನ್ನು ಸುತ್ತಿಡದೆ ಬೇರೆ ದಾರಿಯಿಲ್ಲ.

ಅಮೆರಿಕದ ಕಾನೂನು 1 ಸೆಪ್ಟೆಂಬರ್ 1997ರ ನಂತರ ತಯಾರಾದ ಎಲ್ಲ ಪ್ರಯಾಣಿಕ ಕಾರುಗಳಿಗೂ ಮುಂದಿನ ಎರಡು ಏರ್‌ಬ್ಯಾಗ್‌ಗಳನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 1 ಜುಲೈ 2019ರಿಂದ. ಅಲ್ಲಿಯವರೆಗೆ ಕಾರಿನ ಹಲವು ಅಗ್ಗದ ಮಾದರಿಗಳಲ್ಲಿ ಏರ್‌ಬ್ಯಾಗ್ ಇರುತ್ತಿರಲಿಲ್ಲ, ಅದನ್ನು ಬೇಡುವ ಕೇಬಲ್ ರೀಲೂ ಇರಬೇಕಾಗಿರಲಿಲ್ಲ.

ರಚನೆ

ಹಿಡಿಯಗಲದ ಈ ಡಬ್ಬಿಯ ನಟ್ಟನಡುವೆ ಸ್ಟೀರಿಂಗ್ ದಂಡ ಹಾಯ್ದುಹೋಗಲು ತೂತಿದೆ. ಸ್ಥಿರ ಕವಚ ಕೋಣೆಯ ಹೊರಗೋಡೆ ಮತ್ತು ನೆಲವಾಗುತ್ತದೆ, ತಿರುಗು ಕವಚ ಒಳಗೋಡೆ ಮತ್ತು ಚಾವಣಿಯಾಗುತ್ತದೆ. ಕವಚಗಳನ್ನು ಪಿಬಿಟಿ, ಪಾಲಿಅಸೆಟಲ್ ಮೊದಲಾದ ಗಟ್ಟಿ ಪ್ಲಾಸ್ಟಿಕ್‌ಗಳಿಂದ ಎರಕ ಹೊಯ್ಯುತ್ತಾರೆ. ಪಾಲಿಅಸೆಟಲ್ ತಾನೇ ಜಾರುಗುಣವುಳ್ಳದ್ದು. ಒಂದಕ್ಕೊಂದು ಉಜ್ಜುವ ಎರಡು ಭಾಗಗಳನ್ನು ಒಂದೇ ಪ್ಲಾಸ್ಟಿಕ್‌ನಿಂದ ಮಾಡಿದರೆ ಅವು ಹಿಡಿದು ಬಿಟ್ಟು ಕಿರುಗುಟ್ಟುವ ಸಂಭವ ಹೆಚ್ಚು, ಆದ್ದರಿಂದ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್‌ಗಳನ್ನು ಜೋಡಿ ಮಾಡುವುದು ರೂಢಿ.

ಪಟ್ಟಿ ಕೇಬಲ್‌ನಲ್ಲಿ ತಾಮ್ರದ ತೆಳು ಎಳೆಗಳು ಸಾಲಾಗಿ ಮಲಗಿರುತ್ತವೆ. ಅವುಗಳ ಎರಡೂ ಬದಿಗೆ ಪಾಲಿಯೆಸ್ಟರ್ ಹಾಳೆ ಅಂಟಿಸಲಾಗಿರುತ್ತದೆ. ಎಳೆಯ ದಪ್ಪ ಸಾಮಾನ್ಯವಾಗಿ 0.035 ಮಿ.ಮೀ. ಆಸುಪಾಸು. ಇಷ್ಟು ತೆಳುವಾಗಿರಬೇಕಾದ ಕಾರಣ ಸರಳ. ಪಟ್ಟಿಯೊಂದು ಬಾಗಿದಾಗ ಅದರ ಹೊರಮೈ ಹಿಗ್ಗುವ ಪ್ರಮಾಣ, ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. 5 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ 0.035 ಮಿ.ಮೀ. ತಾಮ್ರ ಶೇ 0.35ರಷ್ಟು ಹಿಗ್ಗುತ್ತದೆ. ಅದೇ ತಿರುವಿನಲ್ಲಿ 1 ಮಿ.ಮೀ. ದಪ್ಪದ ತಂತಿ ಶೇ 10ರಷ್ಟು ಹಿಗ್ಗಬೇಕಾಗುತ್ತದೆ, ಬೇಗನೆ ದಣಿದು ಮುರಿಯುತ್ತದೆ. ತಾಮ್ರದ ಎಳೆಯನ್ನು ಎರಡು ಹಾಳೆಗಳ ನಟ್ಟನಡುವೆ ಇಡುವುದೂ ಇದೇ ಕಾರಣಕ್ಕೆ. ಬಾಗಿದ ಪಟ್ಟಿಯಲ್ಲಿ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುಗೆರೆ ಎರಡಕ್ಕೂ ಸಿಗದೆ ಉಳಿಯುತ್ತದೆ.

ಕೇಬಲ್‌ನ ಒಳತುದಿ ತಿರುಗು ಕವಚದ ಕನೆಕ್ಟರಿಗೂ ಹೊರತುದಿ ಸ್ಥಿರ ಕವಚದ ಕನೆಕ್ಟರಿಗೂ ಬೆಸೆದುಕೊಂಡಿರುತ್ತದೆ. ಏರ್‌ಬ್ಯಾಗ್ ಕನೆಕ್ಟರಿಗೆ ಬಹುತೇಕ ಎಲ್ಲ ತಯಾರಕರೂ ಹಳದಿ ಬಣ್ಣ ಕೊಡುತ್ತಾರೆ. ಅದನ್ನು ಬಿಚ್ಚಿದ ಕೂಡಲೇ ಒಳಗಿನ ಪುಟ್ಟ ಲೋಹದ ತುಂಡು ಎರಡು ಪಿನ್ನುಗಳನ್ನು ಒಂದು ಮಾಡುತ್ತದೆ, ಇದರಿಂದ ದಾರಿ ತಪ್ಪಿದ ಕರೆಂಟಿಗೆ ಚೀಲ ಸಿಡಿಯುವುದು ತಪ್ಪುತ್ತದೆ.

ಕಾರಿನ ಚಕ್ರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಸುತ್ತು ತಿರುಗುತ್ತದೆ. ರೀಲನ್ನು ಅದಕ್ಕಿಂತ ತುಸು ಹೆಚ್ಚಿಗೆ, ನಡುಬಿಂದುವಿನಿಂದ ಎಡಕ್ಕೂ ಬಲಕ್ಕೂ ಸುಮಾರು 2.5 ಸುತ್ತು ತಿರುಗುವಂತೆ ಮಾಡಿರುತ್ತಾರೆ.

ವಿಧಗಳು

ಕೇಬಲ್ ಸುತ್ತುವ ಕ್ರಮದ ಮೇಲೆ ರೀಲುಗಳಲ್ಲಿ ಎರಡು ಮುಖ್ಯ ವಿಧಗಳಿವೆ: ಸುರುಳಿ ವಿಧ ಮತ್ತು ಲಾಳ ವಿಧ.

ಸುರುಳಿ ವಿಧ ಹಳೆಯದು. ಇದರಲ್ಲಿ ಕೇಬಲ್ ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಸುತ್ತಿಕೊಂಡಿರುತ್ತದೆ. ಚಕ್ರ ಒಂದು ಕಡೆ ತಿರುಗಿದರೆ ಸುರುಳಿ ಒಳಗೋಡೆಗೆ ಬಿಗಿಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಅರಳಿ ಹೊರಗೋಡೆಗೆ ತಾಗುತ್ತದೆ. ಭಾಗಗಳು ತೀರ ಕಡಿಮೆ: ಎರಡು ಕವಚ, ಒಂದು ಕೇಬಲ್. ಆದರೆ ಕೇಬಲ್ ಉದ್ದ ಹೆಚ್ಚು.

ಲಾಳ ವಿಧದಲ್ಲಿ ಕೇಬಲ್ ಹೊರಗೋಡೆಯ ಮೇಲೆ ಒಂದು ದಿಕ್ಕಿನಲ್ಲಿ ಸುತ್ತಿ, ನಡುವೆ ಕುದುರೆ ಲಾಳದ ಹಾಗೆ ಹೊರಳಿ, ಒಳಗೋಡೆಯ ಮೇಲೆ ಎದುರು ದಿಕ್ಕಿನಲ್ಲಿ ಸುತ್ತಿಕೊಂಡಿರುತ್ತದೆ. ಚಕ್ರ ತಿರುಗಿದಂತೆ ಈ ಲಾಳದ ತಿರುವು ಕೋಣೆಯೊಳಗೆ ತಾನೂ ಸುತ್ತುತ್ತ, ಹೊರಗಿನ ಕೇಬಲನ್ನು ಒಳಕ್ಕೆ ಅಥವಾ ಒಳಗಿನದನ್ನು ಹೊರಕ್ಕೆ ದಾಟಿಸುತ್ತದೆ. ತಿರುವಿನ ಆಕಾರ ಕೆಡದಂತೆ ಹಿಡಿಯಲು ಕೋಣೆಯಲ್ಲಿ ಸ್ವತಂತ್ರವಾಗಿ ಸುತ್ತುವ ಬಳೆಯೊಂದನ್ನು ಇಟ್ಟು ಅದರ ಮೇಲೆ ಸಣ್ಣ ರೋಲರುಗಳನ್ನು ನೆಟ್ಟಿರುತ್ತಾರೆ. ಇದನ್ನು ಇಲ್ಲಿ ರೋಲರ್ ಬಳೆ ಎನ್ನಲಾಗಿದೆ.

ಎರಡರ ಅಂತರ ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಒಳಗೋಡೆಯ ತ್ರಿಜ್ಯ 20 ಮಿ.ಮೀ., ಹೊರಗೋಡೆಯದು 40 ಮಿ.ಮೀ., ಬೇಕಾದ ಒಟ್ಟು ಸುತ್ತು 5 ಎಂದಿರಲಿ. ಕೇಬಲ್‌ನ ದಪ್ಪ ಮತ್ತು ತುದಿಗಳಿಗೆ ಬಿಡುವ ಹೆಚ್ಚುವರಿ ಉದ್ದವನ್ನು ಪಕ್ಕಕ್ಕಿಡೋಣ. ಸುರುಳಿ ವಿಧದಲ್ಲಿ ಪೂರ್ತಿ ಬಿಗಿದಾಗ ಒಳಗೋಡೆಯ ಮೇಲೆ ಹತ್ತು ಸುತ್ತು, ಪೂರ್ತಿ ಅರಳಿದಾಗ ಹೊರಗೋಡೆಯ ಮೇಲೆ ಐದು ಸುತ್ತು ಬೀಳಬೇಕು. ಅದಕ್ಕೆ ಸುಮಾರು 126 ಸೆಂ.ಮೀ. ಕೇಬಲ್ ಬೇಕು. ಲಾಳ ವಿಧಕ್ಕೆ ಸುಮಾರು 42 ಸೆಂ.ಮೀ. ಸಾಕು, ಅಂದರೆ ಮೂರನೇ ಒಂದು ಪಾಲು. ಉದ್ದಗಳ ಅನುಪಾತ ಎರಡು ತ್ರಿಜ್ಯಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಷ್ಟಿರುತ್ತದೆ, ಆದ್ದರಿಂದ ಕೋಣೆ ಕಿರಿದಾದಷ್ಟೂ ಲಾಳ ವಿಧದ ಉಳಿತಾಯ ಹೆಚ್ಚು. ಇದೇ ಅಳತೆಗಳಲ್ಲಿ ಲಾಳದ ತಿರುವು ಚಕ್ರದ ಮೂರನೇ ಒಂದು ವೇಗದಲ್ಲಿ ಸುತ್ತುತ್ತದೆ.

ಕೇಬಲ್ ಚಿಕ್ಕದಾದರೆ ತಾಮ್ರ ಉಳಿಯುವುದರ ಜೊತೆಗೆ ಪ್ರತಿರೋಧವೂ ಇಳಿಯುತ್ತದೆ. 1 ಮಿ.ಮೀ. ಅಗಲ, 0.035 ಮಿ.ಮೀ. ದಪ್ಪದ ತಾಮ್ರದ ಎಳೆಗೆ ಮೀಟರಿಗೆ ಸುಮಾರು ಅರ್ಧ ಓಮ್ ಪ್ರತಿರೋಧ. ಹೋಗುವ ಬರುವ ಎರಡು ಎಳೆ ಸೇರಿದರೆ ಮೇಲಿನ ಸುರುಳಿ ರೀಲಿನಲ್ಲಿ ಅದು 1.2 ಓಮ್ ದಾಟುತ್ತದೆ, ಲಾಳ ರೀಲಿನಲ್ಲಿ 0.4 ಓಮ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಿಡಿಗುಂಡಿಯ ಪ್ರತಿರೋಧವೇ ಸುಮಾರು 2 ಓಮ್ ಇರುವಾಗ ಈ ಅಂತರ ಸಣ್ಣದಲ್ಲ. ಸುರುಳಿ ವಿಧದಲ್ಲಿ ಏರ್‌ಬ್ಯಾಗ್ ಎಳೆಗಳನ್ನು ಹೆಚ್ಚು ಅಗಲ ಮಾಡಬೇಕಾಗುವುದು ಇದರಿಂದಲೇ.

ಸದ್ದು

ರೀಲಿನ ಸದ್ದು ಸುರಕ್ಷತೆಗೆ ನೇರ ಅಡ್ಡಿಯಲ್ಲ. ಆದರೆ ಅದು ಹುಟ್ಟುವ ಜಾಗ ಚಾಲಕನ ಎದೆಯಿಂದ ಒಂದು ಮೊಳ ದೂರದಲ್ಲಿದೆ. ಟೊಳ್ಳಾದ ಚಕ್ರದ ನಡುಭಾಗ ಅದನ್ನು ದೊಡ್ಡದು ಮಾಡುತ್ತದೆ. ಎಂಜಿನ್ ಗದ್ದಲವಿದ್ದ ಕಾಲದಲ್ಲಿ ಯಾರಿಗೂ ಕೇಳಿಸದೆ ಹೋಗುತ್ತಿದ್ದುದು ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ದೂರಿಗೆ ಕಾರಣವಾಗುತ್ತದೆ.

ಸದ್ದಿನಲ್ಲಿ ಎರಡು ಬಗೆ. ಚಕ್ರ ತಿರುಗಿಸುವಾಗ ಬರುವುದು ಒಂದು, ಚಕ್ರ ನೆಟ್ಟಗಿದ್ದು ಗಾಡಿ ಹೊಂಡಕ್ಕೆ ಬಿದ್ದಾಗ ಬರುವುದು ಇನ್ನೊಂದು.

ತಿರುಗಿಸುವಾಗಿನ ಸರಸರ ಸದ್ದಿಗೆ ಕಾರಣ ಉಜ್ಜಾಟ. ಕೇಬಲ್‌ನ ಪದರಗಳು ಒಂದರ ಮೇಲೊಂದು ಜಾರುತ್ತವೆ, ಅದರ ಅಂಚುಗಳು ಕೋಣೆಯ ನೆಲ ಮತ್ತು ಚಾವಣಿಗೆ ತಿಕ್ಕುತ್ತವೆ. ಕೋಣೆಯ ಎತ್ತರ ಕೇಬಲ್‌ನ ಅಗಲಕ್ಕೆ ಸರಿಯಾಗಿ ಬಿಗಿಯಾದರೆ ತಿಕ್ಕಾಟ, ಸಡಿಲವಾದರೆ ಕುಣಿದಾಟ. ಲಾಳ ವಿಧದಲ್ಲಿ ಮತ್ತೊಂದು ಸದ್ದಿದೆ. ಕೇಬಲನ್ನು ಒಳಗೋಡೆಯ ಕಡೆಗೆ ಎಳೆಯುವಾಗ ತೊಂದರೆಯಿಲ್ಲ. ಎದುರು ದಿಕ್ಕಿನಲ್ಲಿ ತಿರುಗುವಾಗ ಒಳಗಿನ ಸುತ್ತಿನಿಂದ ಅದನ್ನು ಹೊರಕ್ಕೆ ದೂಡಬೇಕಾಗುತ್ತದೆ. ಪಟ್ಟಿಯನ್ನು ದೂಡಿದರೆ ಅದು ಅಲ್ಲಲ್ಲಿ ಉಬ್ಬುತ್ತದೆ. ಉಬ್ಬು ಎದುರಿನ ಗೋಡೆಗೋ ರೋಲರಿಗೋ ತಾಗಿ ಒಮ್ಮೆಲೆ ಮಗುಚಿಕೊಂಡಾಗ ಟಪ್ ಎನ್ನುತ್ತದೆ.

ಹೊಂಡದ ಸದ್ದು ಕಟಕಟ. ಇಲ್ಲಿ ಸುರುಳಿ ವಿಧದ ಒಂದು ಹುಟ್ಟುಗುಣ ಅದಕ್ಕೆ ಪ್ರತಿಕೂಲ. ಗಾಡಿ ನೆಟ್ಟಗೆ ಓಡುವಾಗ ರೀಲು ನಡುಬಿಂದುವಿನಲ್ಲಿರುತ್ತದೆ. ಆಗ ಸುರುಳಿ ಒಳಗೋಡೆಗೂ ಬಿಗಿದಿಲ್ಲ, ಹೊರಗೋಡೆಗೂ ಒರಗಿಲ್ಲ. ಮೇಲಿನ ಲೆಕ್ಕದ ರೀಲಿನಲ್ಲಿ ಏಳೂವರೆ ಸುತ್ತು ಕೇಬಲ್ ಕೋಣೆಯಲ್ಲಿ ಆಧಾರವಿಲ್ಲದೆ ತೂಗುತ್ತಿರುತ್ತದೆ. ಗಾಡಿ ತನ್ನ ಆಯುಷ್ಯದ ಬಹುಪಾಲು ನೆಟ್ಟಗೇ ಓಡುವುದರಿಂದ ಕೇಬಲ್ ಅತಿ ಸಡಿಲವಾಗಿರುವ ಸ್ಥಿತಿಯೇ ಅದರ ನಿತ್ಯದ ಸ್ಥಿತಿ. ಲಾಳ ವಿಧದಲ್ಲಿ ಅದೇ ಹೊತ್ತಿಗೆ ಅರ್ಧ ಕೇಬಲ್ ಹೊರಗೋಡೆಯ ಮೇಲೆ, ಅರ್ಧ ಒಳಗೋಡೆಯ ಮೇಲೆ, ಒಟ್ಟು ಎರಡೂವರೆ ಸುತ್ತಷ್ಟೇ ಇರುತ್ತದೆ. ಅಲ್ಲಿ ಕಟಕಟ ಎನ್ನುವುದು ಕೇಬಲ್‌ಗಿಂತ ಹೆಚ್ಚಾಗಿ ರೋಲರ್ ಬಳೆ. ಸುತ್ತಲು ಅದಕ್ಕೆ ಮೇಲೆ ಕೆಳಗೆ ಒಂದಿಷ್ಟು ಎಡೆ ಬೇಕು, ಅದೇ ಎಡೆಯಲ್ಲಿ ಅದು ನೆಲಕ್ಕೂ ಚಾವಣಿಗೂ ಬಡಿಯುತ್ತದೆ. ತಿರುಗು ಕವಚಕ್ಕೂ ಸ್ಥಿರ ಕವಚಕ್ಕೂ ನಡುವೆ ಇಂಥದ್ದೇ ಎಡೆಯಿದೆ; ಗ್ಯಾರೇಜಿನವರು ಅದನ್ನು ಪ್ಲೇ ಎನ್ನುತ್ತಾರೆ.

ಸದ್ದಡಗಿಸುವ ಉಪಾಯಗಳೆಲ್ಲ ಈ ಎಡೆಯನ್ನು ಮೆತ್ತಗೆ ತುಂಬುವ ಪ್ರಯತ್ನಗಳೇ. ಕೋಣೆಯ ನೆಲದಲ್ಲಿ ಜಾರುಗುಣದ ತೆಳು ಹಾಳೆ ಹಾಸುವುದುಂಟು. ಹಾಳೆಗೆ ಏಣು ಕೊಟ್ಟರೆ ಕೇಬಲ್‌ನ ಅಂಚು ತಾಗುವ ಜಾಗ ಇನ್ನೂ ಕಡಿಮೆಯಾಗುತ್ತದೆ. ರೋಲರ್ ಬಳೆಯ ಎರಕದಲ್ಲೇ ನಾಲಗೆಯಂಥ ತೆಳು ಚಾಚುಗಳನ್ನು ಬಿಟ್ಟು, ಅವು ಕವಚವನ್ನು ಹಗುರವಾಗಿ ಒತ್ತುತ್ತ ಬಳೆ ಕುಣಿಯದಂತೆ ಹಿಡಿಯುವುದು ಹೆಚ್ಚು ಖರ್ಚಿಲ್ಲದ ದಾರಿ. ರೋಲರಿಗೆ ರಬ್ಬರಿನಂಥ ಮೆತ್ತನೆಯ ಹೊದಿಕೆ ಕೊಡುತ್ತಾರೆ. ಗ್ರೀಸ್ ಹಚ್ಚುವುದು ಎಲ್ಲಕ್ಕಿಂತ ಸುಲಭ, ಆದರೆ ಗ್ರೀಸ್ ಧೂಳನ್ನು ಹಿಡಿಯುತ್ತದೆ. ಧೂಳು ಕೂತ ಗ್ರೀಸ್ ಕೆಲವು ವರ್ಷಗಳಲ್ಲಿ ಸಾಣೆಯಂತಾಗುತ್ತದೆ, ಆದ್ದರಿಂದ ಅದು ಒಣಸೀಮೆಗೆ ಹೇಳಿದ ಉಪಾಯವಲ್ಲ.

ಸರಳೀಕರಣ

ಸದ್ದು ಕಡಿಮೆ ಮಾಡುವುದು ಮತ್ತು ಭಾಗಗಳನ್ನು ಕಡಿಮೆ ಮಾಡುವುದು ಮೇಲ್ನೋಟಕ್ಕೆ ಬೇರೆ ಬೇರೆ ಗುರಿಗಳು. ರೀಲಿನಲ್ಲಿ ಅವು ಒಂದರ ಕಾಲಿಗೆ ಒಂದು ತೊಡರಿಕೊಂಡಿವೆ. ಹಾಳೆ, ನಾಲಗೆ, ಮೆತ್ತೆ ಎಂದು ಸದ್ದಿಗೆ ಮದ್ದು ಸೇರಿಸುತ್ತ ಹೋದರೆ ಜೋಡಣೆ ತೊಡಕಾಗುತ್ತದೆ, ಪ್ರತಿ ಹೊಸ ಭಾಗವೂ ಮತ್ತೊಂದು ಎಡೆಯನ್ನು ತರುತ್ತದೆ. ಭಾಗವನ್ನು ತೆಗೆದುಹಾಕಿದರೆ ಅದು ಮಾಡುತ್ತಿದ್ದ ಕೆಲಸ ಕೇಬಲ್‌ನ ಪಾಲಿಗೆ ಬೀಳುತ್ತದೆ.

ರೋಲರ್ ಬಳೆ ಇದಕ್ಕೆ ಒಳ್ಳೆಯ ಉದಾಹರಣೆ. ಪೂರ್ಣ ರೂಪದಲ್ಲಿ ಅದರಲ್ಲಿ ಒಂದು ಬಳೆ, ನಾಲ್ಕಾರು ಅಚ್ಚುಗೂಟ, ಅಷ್ಟೇ ರೋಲರುಗಳಿರುತ್ತವೆ. ಮೊದಲ ಹೆಜ್ಜೆಯಾಗಿ ರೋಲರುಗಳನ್ನು ಕೈಬಿಟ್ಟು ಬಳೆಯ ಮೇಲೆ ನಯವಾದ ದುಂಡು ಗೋಡೆಗಳನ್ನೇ ಎರಕ ಹೊಯ್ಯಬಹುದು. ಬಿಡಿ ಭಾಗಗಳು ಒಂದಕ್ಕೆ ಇಳಿಯುತ್ತವೆ, ರೋಲರುಗಳ ಗಡಗಡ ಹೋಗುತ್ತದೆ, ಆದರೆ ಕೇಬಲ್ ಉರುಳುವ ಬದಲು ಜಾರಬೇಕಾಗುತ್ತದೆ. ಲಾಳದ ತಿರುವಿನ ಒಳಮಗ್ಗುಲಿಗೆ ಮಾತ್ರ ರೋಲರು ಉಳಿಸಿ ಉಳಿದೆಡೆ ಗೋಡೆ ಕಟ್ಟುವುದು ನಡುದಾರಿ.

ಇನ್ನೂ ಮುಂದೆ ಹೋದರೆ ಬಳೆಯನ್ನೇ ತೆಗೆಯಬಹುದು. ಆಗ ತಿರುವಿನ ಆಕಾರ ಹಿಡಿಯುವ ಹೊಣೆ ಕೇಬಲ್‌ನ ಸೆಟೆತನದ್ದೇ. ಒಂದೇ ಕೇಬಲ್ ಇದ್ದರೆ ಅದು ಒಂದು ಬದಿಗೆ ವಾಲುತ್ತದೆ, ಆದ್ದರಿಂದ ಸಮದೂರದಲ್ಲಿ ಎರಡು, ಮೂರು ಅಥವಾ ನಾಲ್ಕು ಲಾಳಗಳನ್ನಿಟ್ಟು ಒಂದನ್ನೊಂದು ಆತುಕೊಳ್ಳುವಂತೆ ಮಾಡಲಾಗುತ್ತದೆ. ಎಳೆಗಳು ಅಷ್ಟು ಬೇಕಿಲ್ಲದಿದ್ದರೆ ತಾಮ್ರವಿಲ್ಲದ ಬರೀ ಪಾಲಿಯೆಸ್ಟರ್ ಪಟ್ಟಿಯನ್ನು ಜೋಡಿಗೆ ಹಾಕುತ್ತಾರೆ, ಇದಕ್ಕೆ ಡಮ್ಮಿ ಕೇಬಲ್ ಎಂದು ಹೆಸರು. ಕರೆಂಟ್ ಒಯ್ಯದ ಪಟ್ಟಿಯನ್ನು ಸಮತೋಲಕ್ಕಾಗಿಯೇ ಸೇರಿಸುವುದು ಸರಳೀಕರಣವೇ ಎಂಬುದು ವಿನ್ಯಾಸಕಾರರಲ್ಲಿ ತೀರದ ಲೆಕ್ಕ. ಪಟ್ಟಿ ಬಳೆಗಿಂತ ಅಗ್ಗ, ಬಡಿದರೂ ಮೆತ್ತಗೆ ಬಡಿಯುತ್ತದೆ; ಜೋಡಿಸುವವರ ಕೈಗೆ ಮಾತ್ರ ಕೆಲಸ ಹೆಚ್ಚು.

ಕೋಣೆಯ ಹೊರಗೂ ಸರಳೀಕರಣ ನಡೆದಿದೆ. ಕವಚಗಳನ್ನು ಸ್ಕ್ರೂ ಇಲ್ಲದೆ ಒತ್ತಿದರೆ ಕಚ್ಚಿಕೊಳ್ಳುವ ಕೊಕ್ಕೆಗಳಿಂದ ಸೇರಿಸುತ್ತಾರೆ. ಚಕ್ರದ ಮೇಲಿನ ಹತ್ತಾರು ಗುಂಡಿಗಳಿಗೆ ಒಂದೊಂದು ಎಳೆ ಕೊಡುವ ಬದಲು ಅವುಗಳ ಸಂಕೇತಗಳನ್ನು ಲಿನ್ ಎಂಬ ಒಂದೆಳೆಯ ಸಂವಹನ ಜಾಲದ ಮೂಲಕ ಸಾಲಾಗಿ ಕಳಿಸಿದರೆ ಕೇಬಲ್‌ನ ಅಗಲ ಇಳಿಯುತ್ತದೆ, ಅದರೊಡನೆ ಡಬ್ಬಿಯ ಎತ್ತರವೂ. ಏರ್‌ಬ್ಯಾಗ್‌ಗೆ ಮಾತ್ರ ಪ್ರತ್ಯೇಕ ಎಳೆಗಳು ಉಳಿದುಕೊಂಡಿವೆ. ಚಕ್ರ ಎಷ್ಟು ತಿರುಗಿದೆ ಎಂದು ಅಳೆಯುವ ಕೋನ ಸಂವೇದಕವನ್ನೂ ಇಂಡಿಕೇಟರ್ ಸ್ವಿಚ್ಚನ್ನೂ ರೀಲಿನ ಜೊತೆ ಒಂದೇ ಘಟಕವಾಗಿ ಮಾಡುವುದು ಈಗ ಸಾಮಾನ್ಯ. ಕಾರ್ಖಾನೆಗೆ ಇದು ಸರಳ. ಕೇಬಲ್ ಮಾತ್ರ ಕೆಟ್ಟಾಗ ಇಡೀ ಘಟಕದ ಬೆಲೆ ತೆರಬೇಕಾದ ಮಾಲೀಕನಿಗೆ ಅಷ್ಟು ಸರಳವಲ್ಲ.

ಜಪಾನಿನ ಫುರುಕಾವಾ ಎಲೆಕ್ಟ್ರಿಕ್, ಆಲ್ಪ್ಸ್, ಸುಮಿಟೊಮೊ ವೈರಿಂಗ್ ಸಿಸ್ಟಮ್ಸ್, ಯಜಾಕಿ, ಜರ್ಮನಿಯ ಕೋಸ್ಟಾಲ್ ಮತ್ತು ಫ್ರಾನ್ಸಿನ ವಾಲಿಯೊ ಈ ಕ್ಷೇತ್ರದಲ್ಲಿ ತೊಡಗಿರುವ ಕಂಪನಿಗಳಲ್ಲಿ ಕೆಲವು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಈ ಭಾಗದ ಹೆಸರು ಸುದ್ದಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಆ ತಿಂಗಳು ಟೊಯೊಟಾ ಜಗತ್ತಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಲವು ದೋಷಗಳಿಗಾಗಿ ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಸ್ಪೈರಲ್ ಕೇಬಲ್ ದೋಷದ ಪಾಲೇ ಸುಮಾರು 35 ಲಕ್ಷ. ಭಾರತದಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 44,989 ಇನ್ನೋವಾಗಳನ್ನು ಹಿಂದಕ್ಕೆ ಕರೆಯಿತು. ಅವು ಫೆಬ್ರುವರಿ 2005ರಿಂದ ಡಿಸೆಂಬರ್ 2008ರ ನಡುವೆ ತಯಾರಾದವು, ಬೆಂಗಳೂರು ಬಳಿಯ ಬಿಡದಿ ಕಾರ್ಖಾನೆಯಿಂದ ಹೊರಬಂದವು. ಚಕ್ರ ತಿರುಗಿದಾಗ ರೀಲಿನೊಳಗೆ ಏರ್‌ಬ್ಯಾಗ್‌ನ ವಿದ್ಯುತ್ ಮಾರ್ಗಕ್ಕೆ ಹಾನಿಯಾಗಬಹುದು, ಸಂಪರ್ಕ ತಪ್ಪಿದರೆ ಎಚ್ಚರಿಕೆ ದೀಪ ಹೊತ್ತಿ ಚಾಲಕನ ಏರ್‌ಬ್ಯಾಗ್ ಕೆಲಸ ನಿಲ್ಲಿಸಬಹುದು ಎಂಬುದು ಕಂಪನಿ ಕೊಟ್ಟ ಕಾರಣ. ಅದೇ ವರ್ಷಗಳಲ್ಲಿ ಚರ್ಚೆಯಲ್ಲಿದ್ದ ಟಕಾಟಾ ಏರ್‌ಬ್ಯಾಗ್ ಪ್ರಕರಣ ಬೇರೆ. ಅದು ಚೀಲ ಉಬ್ಬಿಸುವ ಅನಿಲದ ಕೊಳವೆ ಸಿಡಿಯುವ ದೋಷಕ್ಕೆ ಸಂಬಂಧಿಸಿದ್ದು.

ಬಿಡದಿಯಲ್ಲೇ ತಯಾರಾಗುವ, 2022ರ ನವೆಂಬರ್‌ನಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿ ನಿಧಾನ ವೇಗದಲ್ಲಿ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಮೇಲೆ ಸಾಗಬಲ್ಲದು. ಗಾಡಿಯನ್ನು ಪಾರ್ಕ್ ಮಾಡುವಾಗ ಚಕ್ರವನ್ನು ಕೊನೆಯಿಂದ ಕೊನೆಗೆ ತಿರುಗಿಸುವುದು ನಿಧಾನ ವೇಗದಲ್ಲೇ. ಸದ್ದಿಲ್ಲದ ರೀಲು ಹೆಚ್ಚು ಬೇಕಾಗುವುದು ಇಂಥ ವಾಹನಗಳಿಗೆ.

ಯಾದಗಿರಿ ಸೀಮೆಯಲ್ಲಿ ಬಳಕೆ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರುಗಳಲ್ಲಿ, ಶಹಾಪುರ ಮತ್ತು ಸುರಪುರದ ಕಡೆ ಓಡಾಡುವ ವಾಹನಗಳನ್ನು ನೋಡಿದರೆ ರೀಲಿನ ಇತಿಹಾಸದ ಎಲ್ಲ ಘಟ್ಟಗಳೂ ಒಂದೇ ರಸ್ತೆಯಲ್ಲಿ ಸಿಗುತ್ತವೆ. ಮೂರು ಗಾಲಿಯ ಟಂಟಂಗೆ ಸ್ಟೀರಿಂಗ್ ಚಕ್ರವೇ ಇಲ್ಲ. ಅದರ ಹಿಡಿಕೆ ಅರ್ಧ ಸುತ್ತೂ ತಿರುಗದ ಕಾರಣ ಸಡಿಲ ಬಿಟ್ಟ ವೈರು ಬಾಗಿದರೆ ಸಾಕು. ಟ್ರ್ಯಾಕ್ಟರಿನಲ್ಲಿ ಏರ್‌ಬ್ಯಾಗ್ ಇಲ್ಲ, ಹಾಗಾಗಿ ರೀಲಿನ ಪ್ರಶ್ನೆಯೇ ಏಳುವುದಿಲ್ಲ. ಜನರನ್ನು ಸಂತೆಗೂ ಮದುವೆಗೂ ಒಯ್ಯುವ ಹಳೆಯ ಕ್ರೂಸರ್ ಮತ್ತು ಜೀಪುಗಳಲ್ಲಿ ಹಾರ್ನ್‌ಗೆ ಜಾರುವ ಸಂಪರ್ಕವೇ ಇದೆ. 2019ರ ಜುಲೈ ನಂತರ ಕೆಎ 33 ನೋಂದಣಿ ಪಡೆದ ಹೊಸ ಕಾರುಗಳಲ್ಲಿ ಮಾತ್ರ, ಅವು ಎಷ್ಟೇ ಅಗ್ಗದವಿರಲಿ, ಕೇಬಲ್ ರೀಲು ಇದ್ದೇ ಇರುತ್ತದೆ.

ಈ ಸೀಮೆಯ ಹವೆ ರೀಲಿಗೆ ಹಿತವಾದುದಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮುಂಭಾಗ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಪಾಲಿಯೆಸ್ಟರ್ ಹಾಳೆ 70ರಿಂದ 80 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಸೆಟೆತನ ಕಳೆದುಕೊಂಡು ಮೆತ್ತಗಾಗತೊಡಗುತ್ತದೆ. ಚಕ್ರ ಯಾವ ಭಂಗಿಯಲ್ಲಿ ನಿಂತಿತ್ತೋ ಆ ಭಂಗಿಯ ಬಾಗು ಕೇಬಲ್‌ಗೆ ಅಂಟಿಕೊಳ್ಳುತ್ತದೆ. ಬಳೆಯಿಲ್ಲದ, ಕೇಬಲ್‌ನ ಸೆಟೆತನವನ್ನೇ ನಂಬಿದ ಸರಳ ವಿನ್ಯಾಸಗಳಿಗೆ ಇದು ಕಠಿಣ ಪರೀಕ್ಷೆ.

ಎರಡನೆಯದು ಧೂಳು. ಬೆಳೆ ಕೊಯ್ಲಿನ ಹೊತ್ತಿನಲ್ಲಿ, ಡಾಂಬರಿಲ್ಲದ ಹೊಲದ ದಾರಿಗಳಲ್ಲಿ ಗಾಡಿಯೊಳಗೆ ನುಗ್ಗುವ ನುಣ್ಣನೆಯ ಮಣ್ಣು ಕವಚಗಳ ನಡುವಿನ ಸಂದಿಯಿಂದ ಕೋಣೆ ಸೇರುತ್ತದೆ. ಧೂಳಿನಿಂದ ರೀಲು ಕೆಡಬಲ್ಲದೆಂಬುದಕ್ಕೆ ಹೊರದೇಶದ ದೊಡ್ಡ ಸಾಕ್ಷಿಯಿದೆ: ಫಿಯೆಟ್ ಕ್ರೈಸ್ಲರ್ ಕಂಪನಿ 2016ರಲ್ಲಿ 2007ರಿಂದ 2010ರವರೆಗಿನ ಜೀಪ್ ರಾಂಗ್ಲರ್‌ಗಳನ್ನು ಹಿಂದಕ್ಕೆ ಕರೆದದ್ದು, ಅತಿ ಧೂಳಿನಲ್ಲಿ ಓಡಿಸಿದರೆ ಕ್ಲಾಕ್ ಸ್ಪ್ರಿಂಗ್‌ನ ವೈರಿಂಗ್ ಹಾಳಾಗಿ ಚಾಲಕನ ಏರ್‌ಬ್ಯಾಗ್ ತೆರೆಯದೆ ಹೋಗಬಹುದೆಂದು. ಕವಚಗಳು ಒಂದರೊಳಗೊಂದು ಅಂಕುಡೊಂಕಾಗಿ ಕೂರುವಂತೆ ಮಾಡಿ ಸಂದಿಯ ದಾರಿಯನ್ನು ಉದ್ದ ಮಾಡುವುದು ಧೂಳಿಗೆ ಅಡ್ಡಗಟ್ಟುವ ಕ್ರಮ. ಅದು ಕವಚಗಳ ಕುಣಿದಾಟವನ್ನೂ ಕಡಿಮೆ ಮಾಡುತ್ತದೆ.

ದೋಷ ಮತ್ತು ದುರಸ್ತಿ

ರೀಲು ಕೆಡುತ್ತಿರುವ ಸೂಚನೆಗಳು ಹೀಗಿರುತ್ತವೆ: ಏರ್‌ಬ್ಯಾಗ್ ದೀಪ ಆರದೆ ನಿಲ್ಲುವುದು, ಚಕ್ರದ ಗುಂಡಿಗಳು ಸತ್ತುಹೋಗುವುದು, ಹಾರ್ನ್ ಚಕ್ರದ ಕೆಲವು ಭಂಗಿಗಳಲ್ಲಿ ಮಾತ್ರ ಕೂಗುವುದು. ಕೊನೆಯದು ಎಳೆ ಮುರಿದಿದ್ದರೂ ತುದಿಗಳು ಆಗಾಗ ತಾಗುತ್ತಿರುವುದರ ಗುರುತು. ಮೊದಲಿಲ್ಲದ ಸರಸರ ಸದ್ದು ಹೊಸದಾಗಿ ಶುರುವಾದರೆ ಕೇಬಲ್ ತನ್ನ ಜಾಗ ಬಿಟ್ಟು ಮಡಚಿಕೊಂಡಿರಬಹುದು. ಏರ್‌ಬ್ಯಾಗ್ ದೀಪ ಹೊತ್ತಿದ್ದರೆ ನಿಯಂತ್ರಕದಲ್ಲಿ ದೋಷಸಂಖ್ಯೆಯೂ ದಾಖಲಾಗಿರುತ್ತದೆ, ಸ್ಕ್ಯಾನರ್ ಹಾಕಿ ಓದಬಹುದು.

ರೀಲುಗಳು ಸವೆದು ಕೆಡುವುದಷ್ಟೇ ಅಲ್ಲ, ತಪ್ಪಾಗಿ ಕೂರಿಸಿದ್ದರಿಂದ ಕೆಡುವುದೂ ಕಡಿಮೆಯಲ್ಲ. ಸ್ಟೀರಿಂಗ್ ರ‍್ಯಾಕ್ ಕೆಲಸಕ್ಕೆಂದು ದಂಡದ ಜೋಡಣೆ ಬಿಚ್ಚಿದಾಗ ಚಕ್ರಕ್ಕೆ ತಡೆಯೇ ಇರುವುದಿಲ್ಲ. ಆಗ ಅದು ತಿರುಗಿಬಿಟ್ಟರೆ ನಡುಬಿಂದು ತಪ್ಪುತ್ತದೆ, ಮರುಜೋಡಿಸಿದ ಬಳಿಕ ಮೊದಲ ಪೂರ್ತಿ ತಿರುವಿಗೇ ಕೇಬಲ್ ಹರಿಯಬಹುದು. ಆದ್ದರಿಂದ ಮುಂದಿನ ಟೈರುಗಳನ್ನು ನೆಟ್ಟಗೆ ನಿಲ್ಲಿಸಿ, ಸ್ಟೀರಿಂಗ್ ಅಲುಗದಂತೆ ಕಟ್ಟಿ ಕೆಲಸ ಮಾಡುವುದು ಕ್ರಮ. ಹೊಸ ರೀಲು ನಡುಬಿಂದುವಿನಲ್ಲಿ ಪಿನ್ನು ಅಥವಾ ಟೇಪಿನಿಂದ ಬಂಧಿಸಲ್ಪಟ್ಟೇ ಬರುತ್ತದೆ, ಕೂರಿಸಿದ ಮೇಲಷ್ಟೇ ಅದನ್ನು ತೆಗೆಯಬೇಕು. ಪಿನ್ನು ಹೋಗಿದ್ದರೆ ರೀಲನ್ನು ಒಂದು ಕೊನೆಯವರೆಗೆ ಮೆಲ್ಲನೆ ತಿರುಗಿಸಿ, ಅಲ್ಲಿಂದ ಕೈಪಿಡಿ ಹೇಳಿದಷ್ಟು, ಹಲವು ವಾಹನಗಳಲ್ಲಿ ಸುಮಾರು 2.5 ಸುತ್ತು, ಹಿಂದಕ್ಕೆ ತಂದು ಗುರುತುಗಳನ್ನು ಕೂಡಿಸಬೇಕು.

ಚಕ್ರಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ ಕಾಯುವುದು ಕಡ್ಡಾಯ. ನಿಯಂತ್ರಕದ ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಚೀಲವನ್ನು ಸಿಡಿಸಬಲ್ಲದು. ಕಾಯಬೇಕಾದ ಹೊತ್ತು ತಯಾರಕರನ್ನು ಅವಲಂಬಿಸಿ 90 ಸೆಕೆಂಡಿನಿಂದ ಕೆಲವು ನಿಮಿಷಗಳವರೆಗೆ ಇದೆ. ಹರಿದ ಪಟ್ಟಿ ಕೇಬಲನ್ನು ಬೆಸುಗೆ ಹಾಕಿ ಮರುಬಳಸುವುದನ್ನು ತಯಾರಕರು ಒಪ್ಪುವುದಿಲ್ಲ. ಬೆಸೆದ ಜಾಗ ಬಾಗುವುದಿಲ್ಲ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಏರ್‌ಬ್ಯಾಗ್ ದೀಪ ಆರಿಸಲು ಕಿಡಿಗುಂಡಿಯ ಜಾಗದಲ್ಲಿ ರೆಸಿಸ್ಟರ್ ಕೂರಿಸುವ ಚಾಳಿಯೂ ಇದೆ. ಅದರಿಂದ ದೀಪ ಆರುತ್ತದೆ, ಏರ್‌ಬ್ಯಾಗ್ ಇಲ್ಲದಂತಾಗುತ್ತದೆ.

ಇಂದಿನ ಸ್ಥಿತಿ

ರೀಲಿಗೆ ಪರ್ಯಾಯಗಳು ಆಗಾಗ ಬಂದಿವೆ. 2004ರಲ್ಲಿ ಬಂದ ಸಿಟ್ರೊಯೆನ್ ಸಿ4 ಕಾರಿನಲ್ಲಿ ಚಕ್ರದ ನಡುಭಾಗವನ್ನು, ಏರ್‌ಬ್ಯಾಗ್ ಮತ್ತು ಗುಂಡಿಗಳ ಸಮೇತ, ತಿರುಗದಂತೆ ನಿಲ್ಲಿಸಿ ಹೊರಬಳೆಯನ್ನಷ್ಟೇ ತಿರುಗಿಸುವ ಏರ್ಪಾಡಿತ್ತು. ಸಮಸ್ಯೆಯನ್ನು ಬುಡದಲ್ಲೇ ಕತ್ತರಿಸುವ ಉಪಾಯವಾದರೂ ಯಾಂತ್ರಿಕ ಜೋಡಣೆ ತೊಡಕಾದದ್ದರಿಂದ ಇತರರು ಅದನ್ನು ಹೆಚ್ಚಾಗಿ ಹಿಡಿಯಲಿಲ್ಲ. ಗುಂಡಿಗಳ ಸಂಕೇತಗಳನ್ನು ತಂತಿಯಿಲ್ಲದೆ ಕಳಿಸುವುದು ಕಷ್ಟವಲ್ಲ. ಏರ್‌ಬ್ಯಾಗ್‌ಗೆ ಬೇಕಾದ ಖಚಿತತೆಯನ್ನು ಮಾತ್ರ ತಾಮ್ರವೇ ಇಂದಿಗೂ ಕೊಡುತ್ತಿದೆ.

ಹೆಚ್ಚಿನ ಬದಲಾವಣೆ ಸ್ಟೀರಿಂಗ್ ಕಡೆಯಿಂದಲೇ ಬರುತ್ತಿದೆ. ಚಕ್ರಕ್ಕೂ ಟೈರುಗಳಿಗೂ ನಡುವೆ ದಂಡದ ಬದಲು ವಿದ್ಯುತ್ ಸಂಕೇತವೇ ಕೆಲಸ ಮಾಡುವ ಸ್ಟೀರ್ ಬೈ ವೈರ್ ಪದ್ಧತಿಯನ್ನು ನಿಸಾನ್ 2013ರಲ್ಲಿ ಇನ್ಫಿನಿಟಿ ಕ್ಯೂ50 ಕಾರಿನಲ್ಲಿ ತಂದಿತು. 2023ರ ಕೊನೆಯಲ್ಲಿ ಗ್ರಾಹಕರ ಕೈಸೇರತೊಡಗಿದ ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಚಕ್ರ ಕೊನೆಯಿಂದ ಕೊನೆಗೆ ಒಂದು ಪೂರ್ತಿ ಸುತ್ತೂ ತಿರುಗುವುದಿಲ್ಲ. ಐದು ಸುತ್ತಿನ ಬದಲು ಒಂದು ಸುತ್ತು ಎಂದರೆ ಮೇಲಿನ ಲೆಕ್ಕದ ಲಾಳ ರೀಲಿಗೆ 42 ಸೆಂ.ಮೀ. ಬದಲು ಒಂಬತ್ತು ಸೆಂ.ಮೀ.ಗೂ ಕಡಿಮೆ ಕೇಬಲ್ ಸಾಕು. ಅಷ್ಟು ಚಿಕ್ಕ ಪಟ್ಟಿಗೆ ರೋಲರ್ ಬಳೆಯಾಗಲಿ ಡಮ್ಮಿ ಕೇಬಲ್ ಆಗಲಿ ಬೇಕಾಗುವುದಿಲ್ಲ, ಬಡಿಯಲು ಪದರಗಳೂ ಉಳಿಯುವುದಿಲ್ಲ. ಭಾರತದ ರಸ್ತೆಗಳಲ್ಲಿ ಸದ್ಯ ಓಡುತ್ತಿರುವ ಕಾರುಗಳದ್ದು ಬಹುಪಾಲು ದಂಡವಿರುವ ಸ್ಟೀರಿಂಗ್. ಅವುಗಳಲ್ಲಿ ಸುರುಳಿ ಮತ್ತು ಲಾಳ ಎರಡೂ ವಿಧದ ರೀಲುಗಳು ಬಳಕೆಯಲ್ಲಿವೆ.